ಲಕ್ಕಮ್ಮನ ಹೊಸ್ತಿಲು

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಅವಳೂ ಅವಳ ಗಂಡ ಮಾರಯ್ಯನೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ನೆಲೆಸಿದವರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮಡಕೆಗೆ ಸೇರಿಸಲಿಲ್ಲ. ತಂದ ಜಾಗಕ್ಕೇ ಹಿಂದಿರುಗಿಸಬೇಕೆಂದಳು.

ಈ ಪ್ರಸಂಗವನ್ನು ನಮ್ಮ ವಿಮರ್ಶಕರು ಕಾಯಕ ತತ್ತ್ವಕ್ಕೂ ನಿರಾಶೆಯ ಭಕ್ತಿಗೂ ಉದಾಹರಣೆಯಾಗಿ ಎತ್ತಿಕೊಳ್ಳುವುದು ರೂಢಿ. ಅದು ತಪ್ಪೇನೂ ಅಲ್ಲ. ಶೂನ್ಯಸಂಪಾದನೆಯಲ್ಲಿಯೂ ಅಲ್ಲಮನೊಡನೆ ನಡೆಯುವ ಕಾಯಕದ ಚರ್ಚೆಗೆ ಹೊಂದಿಕೊಂಡೇ ಇದು ಬರುತ್ತದೆ. ಆದರೆ ಹೀಗೆ ಓದುತ್ತ ಓದುತ್ತ ಲಕ್ಕಮ್ಮ ಪೂಜ್ಯಳಾದಳು; ಅವಳ ಮನೆ ಮಾತ್ರ ನಮ್ಮ ಕಣ್ಣಿಗೆ ಮರೆಯಾಯಿತು. ಉಳಿದ ಅಷ್ಟು ಅಕ್ಕಿಯಲ್ಲಿಯೇ ಲಕ್ಷಾಂತರ ಜಂಗಮರ ದಾಸೋಹವಾಯಿತೆಂಬ ಪವಾಡವೂ ಕೂಡಿಕೊಂಡ ಮೇಲೆ, ಕೈಮುಗಿದು ಮುಂದೆ ಸಾಗುವುದು ಇನ್ನೂ ಸುಲಭವಾಯಿತು. ನಾನು ಇದನ್ನು ಒಬ್ಬ ಗೃಹಿಣಿಯ ತೀರ್ಪಾಗಿ ಓದಬಯಸುತ್ತೇನೆ.

ಮನೆಯಲ್ಲಿ ಸಾಮಾನು ಹೆಚ್ಚಾಯಿತೆಂಬ ಚಿಂತೆ ಈಗ ಲೋಕದಲ್ಲೆಲ್ಲ ಇದೆ. ಜಪಾನಿನ ಮರೀ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದು ಹೆಸರಾಯಿತು. ಒಂದು ಬಗೆಯ ಸಾಮಾನನ್ನೆಲ್ಲ ಗುಡ್ಡೆ ಹಾಕಿ, ಒಂದೊಂದನ್ನೇ ಕೈಯಲ್ಲಿ ಹಿಡಿದು, ಸಂತೋಷ ಕೊಡದುದನ್ನು ಬೀಳ್ಕೊಡಿರೆಂಬುದು ಅವರ ಉಪದೇಶ. ಅವರಿಗಿಂತ ಬಹಳ ಹಿಂದೆ, 1854ರ ‘ವಾಲ್ಡನ್’ ಗ್ರಂಥದಲ್ಲಿ, ಥೋರೋ ತನ್ನ ಮೇಜಿನ ಮೇಲಿದ್ದ ಮೂರು ಸುಣ್ಣಕಲ್ಲಿನ ತುಂಡುಗಳನ್ನು ಕಿಟಕಿಯಾಚೆ ಎಸೆದ ಸಂಗತಿ ಹೇಳುತ್ತಾನೆ. ದಿನವೂ ಅವುಗಳ ಧೂಳು ಒರೆಸಬೇಕಲ್ಲ ಎಂದು ಅವನಿಗೆ ದಿಗಿಲಾಯಿತಂತೆ. ಇಬ್ಬರೂ ಒಳಕ್ಕೆ ಬಂದುದನ್ನು ಹೊರಕ್ಕೆ ಕಳಿಸುವವರು. ಲಕ್ಕಮ್ಮ ಒಳಕ್ಕೆ ಬರುವಾಗಲೇ ಕೇಳುವವಳು. ಅಟ್ಟ ತುಂಬಿದ ಮೇಲೆ ಏಳುವ ಪ್ರಶ್ನೆ ಅವಳಿಗೆ ಹೊಸ್ತಿಲಲ್ಲೇ ಎದ್ದಿತು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಥೋರೋ ಒಂಟಿ ಮನುಷ್ಯ. ಕಲ್ಲು ತಂದವನೂ ಅವನೇ, ಧೂಳು ಒರೆಸುವವನೂ ಅವನೇ. ಸಂಸಾರದಲ್ಲಿ ಹಾಗಲ್ಲ. ತರುವವರು ಒಬ್ಬರು, ಇಡುವವರು ಇನ್ನೊಬ್ಬರು. ಅಗ್ಗಕ್ಕೆ ಸಿಕ್ಕಿತೆಂದು ಯಜಮಾನರು ತಂದುದನ್ನು ಒರೆಸಿ, ಎತ್ತಿಟ್ಟು, ಬೇಕೆಂದಾಗ ಹುಡುಕಿಕೊಡುವ ಕೆಲಸ ಸಾಮಾನ್ಯವಾಗಿ ಮನೆಯಾಕೆಯ ಪಾಲಿಗೇ ಬರುತ್ತದೆ. ಆದುದರಿಂದಲೇ ಬೇಡವೆನ್ನುವ ಅಧಿಕಾರವೂ ಅವಳಿಗೆ ಇರಬೇಕು. ಲಕ್ಕಮ್ಮ ಅದನ್ನು ಚಲಾಯಿಸಿದಳು, ಮಾರಯ್ಯ ಮನ್ನಿಸಿದ. ಕಥೆಯ ಅರ್ಧ ಹಿರಿಮೆ ಮಾರಯ್ಯನಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ಒಂದು ಆಕ್ಷೇಪವುಂಟು. ಲಕ್ಕಮ್ಮನ ಸೀಮೆಯೇ ಬರದ ಸೀಮೆ. 1876–78ರ ಕ್ಷಾಮವನ್ನು ಕಂಡ ನೆಲದಲ್ಲಿ ನಾಳೆಗೆ ಇಡಬೇಡ ಎಂದರೆ ರೈತ ಒಪ್ಪಿಯಾನೆ? ಅವನು ನೆಲದಲ್ಲಿ ಹಗೇವು ತೋಡಿ ಜೋಳ ತುಂಬಿದ, ಅದು ವಿವೇಕ. ಆಕ್ಷೇಪ ನ್ಯಾಯವಾದುದೇ. ದಿನದ ಅಳತೆ ಕಾಯಕದ ಜೀವಿಗೆ ಹೇಳಿದ್ದು, ಬಿತ್ತುವವನಿಗೆ ಅಲ್ಲ. ಆದರೆ ಹಗೇವಿನ ಜೋಳ ಯಾರ ಹಸಿವೆಗೆಂಬುದು ಗೊತ್ತು, ಅದಕ್ಕೆ ಹೊರಬರುವ ದಿನವೂ ಉಂಟು. ನಮ್ಮ ಅಟ್ಟದ ಮೇಲಿನ ಕೆಟ್ಟ ಮಿಕ್ಸರಿಗೂ ಖಾಲಿ ರಟ್ಟಿನ ಪೆಟ್ಟಿಗೆಗಳಿಗೂ ಅಂಥ ದಿನವಿಲ್ಲ. ಎಂದಾದರೂ ಬೇಕಾದೀತು ಎಂಬುದೊಂದೇ ಅವುಗಳ ಆಧಾರ.

ಅದೇ ಜಿಲ್ಲೆಯ ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಮಾತು ಇಲ್ಲಿ ನೆನೆಯಬಹುದು. ಅಲ್ಲಿಯ ಯಲ್ಲಮ್ಮನಿಗೆ ಹೆಣ್ಣುಮಕ್ಕಳು ಉಡಿ ತುಂಬುತ್ತಾರೆ. ಈ ಕಡೆಯ ಉಡಿಯಲ್ಲಿ ಏನಿರುತ್ತದೆ? ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ಕುಬಸದ ಖಣ. ಎಲ್ಲವೂ ತಿಂದು, ತೊಟ್ಟು ತೀರುವಂಥವು. ತೊಟ್ಟು ಹಳತಾದ ಸೀರೆಯೂ ಹಾಳಾಗುತ್ತಿರಲಿಲ್ಲ. ಕೌದಿಯೊಳಗೆ ಸೇರಿ ಮತ್ತೆ ಕೆಲವು ವರ್ಷ ಮನೆಯವರ ಚಳಿ ಕಾಯುತ್ತಿತ್ತು. ಹಿಂದಿನವರು ವಿರಕ್ತರಾಗಿದ್ದರೆಂದು ನಾನು ಹೇಳುವುದಿಲ್ಲ. ಸಾಮಾನು ಕಡಿಮೆಯಿದ್ದುದಕ್ಕೆ ಬಡತನವೂ ಕಾರಣ. ಆದರೂ ಕೊಡುವವರ ಕೈಯಲ್ಲಿ ಒಂದು ವಿವೇಕವಿತ್ತು: ಕೊಟ್ಟದ್ದು ಪಡೆದವರಿಗೆ ಹೊರೆಯಾಗುತ್ತಿರಲಿಲ್ಲ.

ಇಂದು ಪಟ್ಟಣದ ಅರಿಷಿಣ ಕುಂಕುಮಗಳಲ್ಲಿ ಆ ಖಣದ ಜಾಗಕ್ಕೆ ಯಾರೂ ಹೊಲಿಸಿಕೊಳ್ಳದ ಬ್ಲೌಸ್ ಪೀಸು ಬಂದಿದೆ. ಅದು ಮನೆಯಿಂದ ಮನೆಗೆ ಸುತ್ತುತ್ತದೆ. ಕೆಲವೊಮ್ಮೆ ಕೊಟ್ಟವರಿಗೇ ಮರಳಿ ಸಿಗುತ್ತದೆ. ಅದರ ಜೊತೆಗೆ ಪ್ಲಾಸ್ಟಿಕ್ ಬುಟ್ಟಿ, ಅಂಗೈಯಗಲದ ಸ್ಟೀಲ್ ಡಬ್ಬಿ. ಮಂಗಳದ ವಸ್ತುವನ್ನು ಬೇಡವೆನ್ನಲು ಯಾರಿಗೂ ಬಾಯಿ ಬಾರದು. ಎಸೆಯಲು ಕೈ ಬಾರದು. ಪಡೆಯುವವರು ಲಕ್ಕಮ್ಮನಾಗುವುದು ಇಲ್ಲಿ ಕಷ್ಟ. ಕೊಡುವವರು ಆಗಬಹುದು. ಉಡಿಗೆ ಅಕ್ಕಿ, ಕೊಬ್ಬರಿ, ಹೂವು ಸಾಕು; ಮರ್ಯಾದೆಗೆ ಏನೂ ಕೊರತೆಯಾಗದು.

ಲಕ್ಕಮ್ಮನ ಹೆಸರಿನಲ್ಲಿ ಭಾಷಣ ಮಾಡಿ, ನೆನಪಿನ ಕಾಣಿಕೆಯೆಂದು ಗಾಜಿನ ಫಲಕ ಹಿಡಿದು ಮನೆಗೆ ಬರುವವರು ನಾವು. ಅದನ್ನು ಎಲ್ಲಿ ಇಡಬೇಕೆಂದು ಮನೆಯಾಕೆ ಬಾಗಿಲಲ್ಲಿ ಕೇಳಿದರೆ ಸಿಡುಕಬಾರದು. ಆ ಪ್ರಶ್ನೆಗೆ ಎಂಟುನೂರು ವರ್ಷಗಳಿಗೂ ಮಿಕ್ಕ ವಂಶಾವಳಿಯಿದೆ.