ಶೀಟಿನ ಪರವಾಗಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಚಹರೆ ಅಳಿಸಿಹೋಗುತ್ತಿದೆ ಎಂದು ಮರುಗುವವರು ಹೇಳುವ ಮದ್ದು ಸಾಮಾನ್ಯವಾಗಿ ಒಂದೇ: ಹೊಸ ಕಟ್ಟಡಗಳಿಗೂ ಕೆಂಪು ಹೆಂಚಿನ ಇಳಿಜಾರು ಮಾಡು ಇರಲಿ. ಆರ್‌ಸಿಸಿ ತಾರಸಿಯ ಮೇಲೆ ಶೀಟು ಹೊದಿಸಿದ ಮನೆ ಕಂಡರಂತೂ ಅವರಿಗೆ ಮೈಯುರಿ. ನನಗೆ ಆ ಶೀಟಿನ ಮೇಲೆ ಗೌರವವಿದೆ.

ಮಂಗಳೂರು ಹೆಂಚೇನು ಈ ಗುಡ್ಡಗಳಲ್ಲಿ ಹುಟ್ಟಿದ್ದಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ಮಲೆನಾಡಿನ ಮನೆಗಳ ಮೇಲಿದ್ದದ್ದು ಹುಲ್ಲು, ಅಡಿಕೆ ಸೋಗೆ, ಅನುಕೂಲಸ್ಥರಿಗೆ ನಾಡಹೆಂಚು. ಕಾರ್ಖಾನೆಯ ಹೆಂಚು ಘಾಟಿ ಹತ್ತಿ ಬಂದು ಇಲ್ಲಿಯದೇ ಆಗಿಬಿಟ್ಟಿತು, ಮಳೆ ತಡೆಯಿತಲ್ಲ, ಅದಕ್ಕೆ. ಶೀಟು ಬಂದದ್ದೂ ಅದೇ ದಾರಿಯಲ್ಲಿ. ಬಯಲುಸೀಮೆಯ ನಕ್ಷೆ ನೋಡಿ ಮಟ್ಟಸ ತಾರಸಿ ಹಾಕಿಸಿದರು. ಜಡಿಮಳೆಗೆ ಅದು ಸೋರಿತು. ಮೇಲೆ ಶೀಟು ಬಂತು. ಈಗ ಅದರಡಿ ಬಟ್ಟೆ ಒಣಗುತ್ತದೆ, ಸೌದೆ ಬೆಚ್ಚಗಿರುತ್ತದೆ, ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಹಿಡಿದರೆ ಕಾಫಿಯನ್ನೂ ಮೆಣಸನ್ನೂ ಹರಡಲು ಜಾಗವಾಗುತ್ತದೆ. ಅಂದವಿಲ್ಲ, ಒಪ್ಪಿದೆ. ಆದರೆ ಯಾವ ಆರ್ಕಿಟೆಕ್ಟೂ ಬರೆದುಕೊಡದ, ನಮ್ಮ ಕಾಲದ ಮಲೆನಾಡಿನ ವಾಸ್ತುಶಿಲ್ಪ ಅದು.

ಇನ್ನು ಮೆಚ್ಚುಗೆ ಗಿಟ್ಟಿಸುವ ಹೋಮ್‌ಸ್ಟೇ ನೋಡಿ. ಓರೆಯಾಗಿ ಹಾಕಿದ ಕಾಂಕ್ರೀಟಿಗೆ ಸಿಮೆಂಟಿನಲ್ಲಿ ಹೆಂಚು ಅಂಟಿಸಿರುತ್ತಾರೆ. ಪಕಾಸಿಯಿಲ್ಲ, ರೀಪಿಲ್ಲ, ಅಟ್ಟವಿಲ್ಲ. ಮಳೆಗಾಲಕ್ಕೆ ಮುಂಚೆ ಹತ್ತಿ, ಒಡೆದ ಹೆಂಚು ತೆಗೆದು ಬೇರೊಂದು ಕೂರಿಸುವ ಕೆಲಸಕ್ಕೂ ಎಡೆಯಿಲ್ಲ. ಸೂರು ಮೊಳದುದ್ದವೂ ಚಾಚಿರುವುದಿಲ್ಲ, ಇರುಚಲು ಬಡಿದು ಗೋಡೆ ಹಾವಸೆಗಟ್ಟುತ್ತದೆ. ಕಿಟಕಿಯಿಂದ ಕಣಿವೆ ಕಾಣಲೆಂದು ಜೆಸಿಬಿ ಗುಡ್ಡದ ಬುಡ ಕೊಯ್ದಿರುತ್ತದೆ. ಹಿಂದೆ ಬೆತ್ತಲೆ ಧರೆ. ಚಹರೆ ಉಳಿಯಿತೆಂದು ನಾವು ಫೋಟೋ ಹೊಡೆಯುತ್ತೇವೆ.

ಕಳಸದಲ್ಲಿ ಕಳಸೇಶ್ವರ ಭಕ್ತರನ್ನು ಮೆಟ್ಟಿಲು ಹತ್ತಿಸಿಕೊಳ್ಳುತ್ತಾನೆ. ಗುಡ್ಡ ತಟ್ಟು ಮಾಡಿ ದೇವರನ್ನೇ ರಸ್ತೆಗೆ ಇಳಿಸೋಣವೆಂದು ಯಾರಿಗೂ ತೋಚಲಿಲ್ಲ. ಹಳೆಯ ಮನೆಗಳೂ ಹಾಗೆಯೇ, ಇದ್ದ ಇಳಿಜಾರಿಗೆ ಜಗಲಿ ಏರಿಸಿ ಅಂಗಳ ಇಳಿಸಿ ಕೂತವು. ಈ ಊರುಗಳ ಗುರುತು ಹುಡುಕುವುದಾದರೆ ನಾನು ಅಲ್ಲಿ ಹುಡುಕುತ್ತೇನೆ.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದವು. ಅದಾದ ಮೇಲೂ ಮಾಡಿನ ಬಣ್ಣಕ್ಕೆ ನಿಯಮ ಬೇಕೆನ್ನುವುದು ವಿಚಿತ್ರ. ನಕ್ಷೆಗೆ ಸಹಿ ಹಾಕುವವರು ಧರೆ ಎಷ್ಟು ಎತ್ತರ ಕಡಿಯುತ್ತೀರಿ, ನೀರು ಎಲ್ಲಿಗೆ ಬಿಡುತ್ತೀರಿ, ಸೂರು ಎಷ್ಟು ಚಾಚುತ್ತೀರಿ ಎಂದು ಕೇಳಲಿ. ಮೇಲೆ ಹೆಂಚೋ ಶೀಟೋ, ಮನೆಯವರು ನೋಡಿಕೊಳ್ಳುತ್ತಾರೆ.