ಪುರಾಣಕಥೆಗಳ ಸಾರಲೇಖನ: ಒಂದು ವಿಮರ್ಶೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಿದ್ಯಾರ್ಥಿಗಳಿಗೆ ಪುರಾಣಕಥೆಯೊಂದರ ಸಾರವನ್ನು ಬರೆಯಲು ಹೇಳಿದರೆ, ಹಲವು ಮೂಲಗಳನ್ನು ಬೆಸೆದು ಒಂದೇ ಕಥೆಯನ್ನಾಗಿ ಬರೆಯುವುದುಂಟು. ‘ಸಂಕ್ಷೇಪಿಸಿರಿ’ ಎಂಬ ಸೂಚನೆಯೇ ಇದಕ್ಕೆ ಇಂಬುಗೊಡುತ್ತದೆ. ಅದು ಕಥೆಯ ಅಳತೆಯನ್ನು ಗೊತ್ತುಪಡಿಸುವುದೇ ಹೊರತು ಹೇಳಿದವರು ಯಾರೆಂದು ಕೇಳುವುದಿಲ್ಲ.

ಬಸವಣ್ಣನವರ ಬಾಲ್ಯದ ವೃತ್ತಾಂತವನ್ನೇ ನೋಡೋಣ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಬಾಲಕನು ತಂದೆತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಆಶ್ರಯದಲ್ಲಿ ಬೆಳೆಯುತ್ತಾನೆ, 16ನೆಯ ವಯಸ್ಸಿನಲ್ಲಿ, ತೊಟ್ಟಿದ್ದ ಜನಿವಾರವನ್ನು ಕಿತ್ತೊಗೆದು ಕಪ್ಪಡಿಸಂಗಮಕ್ಕೆ ತೆರಳುತ್ತಾನೆ. 1369ರಲ್ಲಿ ಭೀಮಕವಿಯು ರಚಿಸಿದ ‘ಬಸವಪುರಾಣ’ದಲ್ಲಾದರೋ ತಂದೆಯು ಬದುಕಿದ್ದಾನೆ, 8 ವರ್ಷದ ಬಾಲಕನು ಉಪನಯನವನ್ನೇ ನಿರಾಕರಿಸುತ್ತಾನೆ. ಮೊದಲನೆಯದು ಒಳಗಿದ್ದು ಬಿಟ್ಟು ನಡೆದವನ ಕಥೆ. ಎರಡನೆಯದು ಒಳಹೊಗಲೊಪ್ಪದವನ ಕಥೆ. ಎರಡನ್ನೂ ಬೆಸೆದ ಸಾರವು ಈ ಇಬ್ಬರಲ್ಲಿ ಯಾರೂ ಹೇಳದ ಮೂರನೆಯ ಕಥೆಯಾಗುತ್ತದೆ. ನಡೆದುದು ಯಾವುದೆಂಬ ವಿಚಾರವು ಆಮೇಲಿನದು. ಯಾರು ಏನು ಹೇಳಿದರೆಂಬುದು ಮೊದಲು ಸ್ಪಷ್ಟವಾಗಬೇಕು.

ಜನಪದ ಕಥೆಗೆ ಕವಿಯ ಹೆಸರಿಲ್ಲವಾದ್ದರಿಂದ ಅಲ್ಲಿ ಎಚ್ಚರವು ಇನ್ನೂ ಹೆಚ್ಚಾಗಿರಬೇಕು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ, ತ್ರಿಪದಿಗಳ ತಾತ್ಪರ್ಯಕ್ಕೆ ತೃಪ್ತರಾಗದೆ ಹಾಡುಗಳನ್ನೇ ಕೊಟ್ಟರು. ಸಾರವು ಮೂಲದ ಸ್ಥಾನವನ್ನು ತುಂಬಲಾರದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವು ಬೇಕಿಲ್ಲ.

ಆದುದರಿಂದ ವಿದ್ಯಾರ್ಥಿಯು ತನ್ನ ಸಾರದ ಮೊದಲ ವಾಕ್ಯದಲ್ಲಿ ಕವಿಯನ್ನು, ಇಲ್ಲವೆ ಕಥೆ ಹೇಳಿದವರನ್ನೂ ಊರನ್ನೂ ಹೆಸರಿಸಲಿ. ಕೊನೆಯ ವಾಕ್ಯದಲ್ಲಿ ಬೇರೆ ಪಾಠವು ಎಲ್ಲಿ ಭಿನ್ನವಾಗುವುದೆಂದು ತಿಳಿಸಲಿ. ಈ ಎರಡು ವಾಕ್ಯಗಳಿಂದ ಸಾರವು ತುಸು ಉದ್ದವಾದೀತು. ಆದರೆ ಅಲ್ಲಿಂದಲೇ ಇತಿಹಾಸದ ಅಭ್ಯಾಸವು ಮೊದಲಾಗುತ್ತದೆಂದು ನಾವು ಭಾವಿಸುತ್ತೇವೆ.