ಎಣ್ಣೆಯ ಮೊತ್ತವೂ ಎಣ್ಣೆಯ ಗುಣವೂ

ಬೀಜದೊಳಗಣ ಎಣ್ಣೆಯನ್ನು ಕುರಿತು ಬರೆಯುವಾಗ ಎರಡು ವಿಷಯಗಳು ಬೆರೆತುಹೋಗುವ ಅಪಾಯವುಂಟು: ಎಣ್ಣೆ ಎಷ್ಟು ಎಂಬುದೊಂದು, ಎಂಥದು ಎಂಬುದು ಮತ್ತೊಂದು. ‘ಎಣ್ಣೆ’ ಎಂಬ ಶಬ್ದವೇ ಎಳ್, ನೆಯ್ ಎಂಬೆರಡರ ಸಮಾಸ. ಎಳ್ಳಿನ ಜಿಡ್ಡಿಗೆ ಸಲ್ಲುತ್ತಿದ್ದ ಹೆಸರು ಕ್ರಮೇಣ ಎಲ್ಲ ಬೀಜಗಳ ಜಿಡ್ಡಿಗೂ ಸಂದಿತು. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗದು.

ತುಮಕೂರಿನ ಶೆಟ್ಟಿಹಳ್ಳಿಯಿಂದ ಗುಬ್ಬಿ, ಕುಣಿಗಲುಗಳ ಕಡೆಗೆ ಹೊರಟವರಿಗೆ ತೆಂಗಿನ ತೋಟಗಳೂ ರಾಗಿಯ ಹೊಲಗಳೂ ಎದುರಾಗುತ್ತವೆ. ರಾಗಿಯ ನಡುವೆ ಅಕ್ಕಡಿಸಾಲಿನಲ್ಲಿ ಹುಚ್ಚೆಳ್ಳು ಬಿತ್ತುವುದು ಈ ಸೀಮೆಯ ಹಳೆಯ ವಾಡಿಕೆ. ಜಿಲ್ಲೆಯ ಉತ್ತರದ ಶಿರಾ, ಪಾವಗಡಗಳು ಕಡಲೆಕಾಯಿಯ ಸೀಮೆ. ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲವೇ ಸುಮಾರು ಅರ್ಧಪಾಲು; ಹುಚ್ಚೆಳ್ಳಿನೆಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಅಧಿಕ; ಕಡಲೆಕಾಯಿಯೆಣ್ಣೆಯಲ್ಲಿ ಓಲಿಯಿಕ್, ಲಿನೋಲಿಯಿಕ್ ಎರಡೂ ಪ್ರಧಾನ.

ಈ ಭೇದವು ಕಾಳು ಬಲಿಯುವ ಕಾಲದಲ್ಲಿಯೇ ಏರ್ಪಡುತ್ತದೆ. ಕಡಲೆಕಾಯಿಯ ಬೀಜದಲ್ಲಿ ಓಲಿಯಿಕ್ ಆಮ್ಲವನ್ನು ಲಿನೋಲಿಯಿಕ್ಕಾಗಿ ಮಾರ್ಪಡಿಸುವ ಕಿಣ್ವವೊಂದುಂಟು. ಅದನ್ನು ಒದಗಿಸುವುದು ಎಫ್‌ಎಡಿ2 ಎಂಬ ವಂಶವಾಹಿ. ಈ ಗಿಡವು ಎರಡು ಕಾಡುಜಾತಿಗಳ ಸಂಕರದಿಂದ ಹುಟ್ಟಿದುದರಿಂದ ಆ ವಂಶವಾಹಿಯ ಎರಡು ರೂಪಗಳು ಇದರಲ್ಲಿವೆ. ಎರಡೂ ಕೆಟ್ಟು ನಿಷ್ಕ್ರಿಯವಾದಾಗ ಓಲಿಯಿಕ್ಕಿನ ಪಾಲು ನೂರಕ್ಕೆ ಸುಮಾರು 80ಕ್ಕೇರುತ್ತದೆ. ಇಂಥ ಗುಣವುಳ್ಳ ತಳಿಯ ವಿವರವನ್ನು ಅಮೆರಿಕದ ಫ್ಲಾರಿಡಾದ ವಿದ್ವಾಂಸರು 1987ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಗಿರ್ನಾರ್ 4, ಗಿರ್ನಾರ್ 5 ಎಂಬ ಇದೇ ಗುಣದ ತಳಿಗಳು 2020ರ ಅಕ್ಟೋಬರಿನಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದವು.

ಹೀಗಿರುವಲ್ಲಿ ‘ವಂಶವಾಹಿಯು ಎಣ್ಣೆಯನ್ನು ಆಳುತ್ತದೆ’ ಎಂಬ ರಾಜರೂಪಕವು ಎಷ್ಟು ಸಮಂಜಸವೆಂಬುದು ವಿಚಾರಣೀಯ. ಇಲ್ಲಿ ಗುಣ ಒದಗಿದುದು ಆಜ್ಞೆಯಿಂದಲ್ಲ, ಒಂದು ಕೆಲಸ ನಿಂತುಹೋದುದರಿಂದ. ಮೇಲಾಗಿ ಸಾಧಾರಣ ತಳಿಗಳಲ್ಲಿ ಕಾಳು ಬಲಿಯುವಾಗ ಹವೆ ತಂಪಾಗಿದ್ದರೆ ಲಿನೋಲಿಯಿಕ್ ಹೆಚ್ಚುವುದುಂಟು. ಹೊಲದ ಹವೆಗೂ ಈ ವಿಷಯದಲ್ಲಿ ಪಾಲಿದೆ.

ಇದು ಪಂಡಿತರ ಶಬ್ದವ್ಯಾಜ್ಯವೆಂದು ಯಾರೂ ಭಾವಿಸಲಾಗದು. ‘ಅಧಿಕ ಓಲಿಯಿಕ್’ ಎಂಬುದನ್ನು ‘ಅಧಿಕ ಎಣ್ಣೆ’ ಎಂದು ಬರೆದರೆ, ಗಾಣದಲ್ಲಿ ಹೆಚ್ಚು ಎಣ್ಣೆ ಇಳಿದೀತೆಂದು ನಂಬಿ ಬಿತ್ತಿದ ರೈತನು ಮೋಸಹೋಗುವನು. ಎಣ್ಣೆಯೂ ಕಾಳೂ ಬೇಗ ಕಮಟಾಗವೆಂಬ ನಿಜವಾದ ಲಾಭಕ್ಕೆ ಬೆಲೆ ಕೇಳಲು ಅವನಿಗೆ ಮಾತೇ ಇಲ್ಲದಾಗುವುದು. ಆದುದರಿಂದ ‘ಎಣ್ಣೆಯ ಮೊತ್ತ’, ‘ಆಮ್ಲಗಳ ಪಾಲು’ ಎಂಬ ಎರಡು ಸರಳವಾದ ಮಾತುಗಳನ್ನು ಪಾಠಪುಸ್ತಕಗಳಲ್ಲಿ ಬೇರೆಬೇರೆಯಾಗಿಯೇ ಬಳಸುವುದು ಉಚಿತವೆಂದು ನಮಗೆ ತೋರುತ್ತದೆ.